ಹಾಲುಗೂಸಿನ ಜೊತೆ ಸೈಕಲ್ ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪುಟ್ಟ ಮಗುವನ್ನು ಕಟ್ಟಿಕೊಂಡು ಸೈಕಲ್‌ನಲ್ಲಿ ದೂರ ಹೋಗುವುದು, ಟೆಂಟ್ ಹಾಕಿ ಮಲಗುವುದು: ಈ ಬಗ್ಗೆ ಯುರೋಪಿನಲ್ಲಿರುವ ಕನ್ನಡ ಕುಟುಂಬಗಳೂ, ಊರಿನಲ್ಲಿರುವವರೂ ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇವೆ.

ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. ಮೊಮ್ಮಗನಿಗೆ ಜೂನ್ ಹೊತ್ತಿಗೆ ಏಳು ತಿಂಗಳು. ಆಗ ಸೈಕಲ್‌ಗೆ ಗಾಡಿ (ಟ್ರೇಲರ್) ಕಟ್ಟಿಕೊಂಡು ಡ್ಯಾನ್ಯೂಬ್ ನದಿಯ ದಾರಿಯಲ್ಲಿ ಪಸ್ಸಾವ್‌ನಿಂದ ವಿಯೆನ್ನಾವರೆಗೆ ಹೋಗುತ್ತೇವೆ ಅನ್ನುತ್ತಿದ್ದಾರೆ. ಅಷ್ಟು ಎಳೆ ಮಗುವನ್ನು ಕರೆದೊಯ್ಯಬಹುದೆ? (ಒಬ್ಬ ಅಜ್ಜಿ, ದಾವಣಗೆರೆ)

ಈ ಜೂನ್ ಬೇಡ ಅಮ್ಮಾ, ಮುಂದಿನ ಜೂನ್‌ನಲ್ಲಿ ಹೋಗಲಿ. ಒಂದು ವರ್ಷ ತುಂಬುವವರೆಗೆ ಮಗುವನ್ನು ಸೈಕಲ್ ಮೇಲೆ ಕರೆದೊಯ್ಯಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ಮೈಗೆ ಹೋಲಿಸಿದರೆ ಕೂಸಿನ ತಲೆ ಭಾರ, ಕತ್ತು ಎಳೆಯದು. ಒರಗಿಸಿ ಕೂರಿಸಿದಾಗ ನಿದ್ದೆ ಬಂದರೆ ತಲೆ ಮುಂದಕ್ಕೆ ಜೋತು, ಗಲ್ಲ ಎದೆಗೆ ಒತ್ತಿ, ಉಸಿರಿನ ದಾರಿ ಕಿರಿದಾಗುತ್ತದೆ. ಪೆಡಲ್ ತುಳಿಯುತ್ತಿರುವ ತಂದೆಗೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ.

ಒಳಗೆ ಶಿಶುಜೋಲಿ ಕಟ್ಟಿದರೆ ವರ್ಷಕ್ಕೆ ಮೊದಲೇ ಆಗಬಹುದು ಎಂದು ಕೆಲವು ಟ್ರೇಲರ್ ತಯಾರಕರು ಬರೆಯುತ್ತಾರೆ. ಮನೆಯ ಹತ್ತಿರದ ನುಣುಪು ದಾರಿಯಲ್ಲಿ ಅರ್ಧ ಗಂಟೆ ಹೋಗುವವರಿಗೆ ಆ ಮಾತು ಹೊಂದೀತು, ದಿನಕ್ಕೆ ಮೂರು ಗಂಟೆಯಂತೆ ವಾರಗಟ್ಟಲೆ ಹೋಗುವವರಿಗಲ್ಲ. ಈ ದಾರಿಗೆ ಕಾನೂನಿನ ತೊಡಕೂ ಇದೆ. ಜರ್ಮನಿಯಲ್ಲಿ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯವಲ್ಲ, ಆದರೆ ಪಸ್ಸಾವ್ ದಾಟಿ ಆಸ್ಟ್ರಿಯಾ ಹೊಕ್ಕ ಕೂಡಲೇ 12 ವರ್ಷದೊಳಗಿನ ಮಕ್ಕಳು ಟ್ರೇಲರ್ ಒಳಗೆ ಕುಳಿತಿದ್ದರೂ ಹೆಲ್ಮೆಟ್ ಹಾಕಿರಬೇಕು. ಏಳು ತಿಂಗಳ ಕತ್ತು ಹೆಲ್ಮೆಟ್ ಹೊರಲಾರದು.

ಈ ಜೂನ್‌ನಲ್ಲಿ ರೈಲಿನಲ್ಲಿ ಹೋಗಿ ನದಿದಂಡೆಯ ಒಂದೇ ಕ್ಯಾಂಪಿಂಗ್ ಜಾಗದಲ್ಲಿ ನಾಲ್ಕು ದಿನ ಉಳಿಯಲಿ. ಟ್ರೇಲರ್‌ಗೆ ಮುಂದಿನ ಚಕ್ರ ಸಿಕ್ಕಿಸಿದರೆ ಅದೇ ತಳ್ಳುಗಾಡಿ. ಮಗುವಿಗೂ ಅಪ್ಪ ಅಮ್ಮನಿಗೂ ಟೆಂಟ್ ರೂಢಿಯಾದರೆ ಮುಂದಿನ ವರ್ಷದ ಅರ್ಧ ಕೆಲಸ ಮುಗಿದಂತೆ.

ಮಗಳಿಗೆ ಹದಿನಾಲ್ಕು ತಿಂಗಳು, ತೂಕ ಒಂಬತ್ತೂವರೆ ಕಿಲೋ. ಅದೇ ಡ್ಯಾನ್ಯೂಬ್ ದಾರಿಗೆ ಹಿಂಬದಿ ಸೀಟು ಸಾಕೇ, ಟ್ರೇಲರ್ ಬೇಕೇ? ಜೋಡಿಸುವಾಗ ಏನು ಗಮನಿಸಬೇಕು? (ಒಬ್ಬ ತಂದೆ, ಮ್ಯೂನಿಕ್)

ಟ್ರೇಲರ್ ತೆಗೆದುಕೊಳ್ಳಿ. ಸೀಟಿನಲ್ಲಿ ಮಗು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ, ಸೈಕಲ್ ಬಿದ್ದರೆ ಜೊತೆಗೇ ಬೀಳುತ್ತದೆ. ಟ್ರೇಲರ್‌ನ ಕೊಂಡಿ ತಿರುಗುವಂಥದ್ದು, ಸೈಕಲ್ ಮಗುಚಿದರೂ ಗಾಡಿ ನಿಂತೇ ಇರುತ್ತದೆ. ನಿದ್ದೆ ಹೋದ ಮಗುವಿನ ತಲೆಗೆ ಸೀಟಿನಲ್ಲಿ ಆಸರೆಯೂ ಸಾಲದು.

ಎಡವಟ್ಟಾಗುವುದು ಹೆಚ್ಚಾಗಿ ಕೊಂಡಿಯ ಹತ್ತಿರ. ಕೊಂಡಿ ಕೂರುವುದು ಹಿಂದಿನ ಚಕ್ರದ ಆಕ್ಸಲ್‌ಗೆ, ಅಂದರೆ ಅಚ್ಚಿಗೆ. ನಿಮ್ಮದು ಕ್ವಿಕ್ ರಿಲೀಸ್ (ಸನ್ನೆ ತಿರುಗಿಸಿ ಚಕ್ರ ಬಿಚ್ಚುವ ಬಗೆ) ಆಗಿದ್ದರೆ ಕೊಂಡಿಯ ದಪ್ಪ ಸೇರಿದ ಮೇಲೂ ನಟ್ಟು ಕನಿಷ್ಠ ಐದು ಪೂರ್ತಿ ಸುತ್ತು ಹಿಡಿಯಬೇಕು, ಇಲ್ಲದಿದ್ದರೆ ಉದ್ದನೆಯ ಸ್ಕ್ಯೂವರ್ (ಅಚ್ಚಿನೊಳಗೆ ಹಾಯುವ ಕಡ್ಡಿ) ಕೊಳ್ಳಿ. ಥ್ರೂ ಆಕ್ಸಲ್ (ಫ್ರೇಮಿಗೇ ತಿರುಪಿ ಕೂರಿಸುವ ದಪ್ಪ ಅಚ್ಚು) ಆಗಿದ್ದರೆ ಟ್ರೇಲರ್‌ಗೆಂದೇ ಬರುವ ಉದ್ದದ ಆಕ್ಸಲ್ ಬೇಕು. ಅದರಲ್ಲಿ ಉದ್ದ ಮಾತ್ರ ಹೊಂದಿದರೆ ಸಾಲದು. 12 ಮಿ.ಮೀ. ದಪ್ಪದ ಆಕ್ಸಲ್‌ಗಳಲ್ಲೇ ತಿರುಪಿನ ಎಳೆಗಳ (ಥ್ರೆಡ್) ಅಂತರ 1.0, 1.5, 1.75 ಮಿ.ಮೀ. ಎಂದು ಮೂರು ಬಗೆ. ತಪ್ಪು ಥ್ರೆಡ್ ಇರುವುದನ್ನು ಬಲವಂತವಾಗಿ ತಿರುಗಿಸಿದರೆ ಹಾಳಾಗುವುದು ಸೈಕಲ್ಲಿನ ಫ್ರೇಮ್. ಹಳೆಯ ಆಕ್ಸಲ್ ಬಿಚ್ಚಿ ಅಂಗಡಿಗೆ ಒಯ್ದು, ಪಕ್ಕದಲ್ಲಿಟ್ಟು ನೋಡಿ ಕೊಳ್ಳಿ. ಗಾಡಿಯನ್ನು ಕೊಂಡಿಗೆ ಸೇರಿಸುವ ಪಿನ್ ಹಾಕಿದ ಮೇಲೆ ಸುರಕ್ಷತಾ ಪಟ್ಟಿಯನ್ನು ಫ್ರೇಮಿನ ಸುತ್ತ ಬಳಸಿ ಕಟ್ಟಲೇಬೇಕು. ಪಿನ್ ಕಳಚಿದರೆ ಗಾಡಿಯನ್ನು ಹಿಡಿದಿಡುವುದು ಅದೊಂದೇ.

ಚಕ್ರದ ಗಾಳಿಯ ಕಡೆಗೂ ನೋಡಿ. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡಕ್ಕೆ ತುಂಬಿದರೆ, ಒಂಬತ್ತೂವರೆ ಕಿಲೋ ಮಗುವಿನ ಭಾರಕ್ಕೆ ಟೈರು ಕುಗ್ಗುವುದೇ ಇಲ್ಲ, ಪ್ರತಿ ಕಲ್ಲಿನ ಪೆಟ್ಟೂ ಮಗುವಿನ ಬೆನ್ನಿಗೆ. ಬರೆದಿರುವ ಕನಿಷ್ಠದ ಹತ್ತಿರ ಇಡಿ. ಸ್ಪ್ರಿಂಗನ್ನು ಮಗುವಿನ ತೂಕಕ್ಕೆ ಹೊಂದಿಸುವ ಗುರುತು ಇದ್ದರೆ ಹೊಂದಿಸಿ. ಹೆಲ್ಮೆಟ್‌ನ ಹಿಂಭಾಗ ಸೀಟಿಗೆ ತಾಗಿ ತಲೆ ಮುಂದಕ್ಕೆ ಬಾಗುವುದು ಇನ್ನೊಂದು ಸಮಸ್ಯೆ. ಹೆಲ್ಮೆಟ್‌ಗೆ ಹಿಂದೆ ಜಾಗವಿರುವ ಸೀಟು ಆರಿಸಿ, ಇಲ್ಲವೇ ಬೆನ್ನಿನ ಹಿಂದೆ, ಭುಜದ ಕೆಳಗೆ, ತೆಳು ಮೆತ್ತೆ ಇಟ್ಟರೆ ಸರಿಹೋಗುತ್ತದೆ.

ಮಗುವನ್ನು ಕೂರಿಸುವ ಮೊದಲು ಹತ್ತು ಕಿಲೋ ಅಕ್ಕಿ ಮೂಟೆಯನ್ನು ಬೆಲ್ಟ್ ಹಾಕಿ ಕಟ್ಟಿ ಎರಡು ದಿನ ಓಡಿಸಿ ನೋಡಿ. ತಿರುವಿನಲ್ಲಿ ಒಳಗಿನ ಚಕ್ರ ಫುಟ್‌ಪಾತಿನ ಅಂಚು ಹತ್ತಿದರೆ ಗಾಡಿ ಮಗುಚುತ್ತದೆ. ಅಗಲ ಸುಮಾರು 80 ಸೆಂ.ಮೀ. ಎಂಬುದು ಕೈಗೆ ರೂಢಿಯಾಗುವವರೆಗೆ ತಿರುವನ್ನು ಅಗಲವಾಗಿ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಗಾಡಿ ಹಿಂದಿನಿಂದ ನೂಕುತ್ತದೆ, ಬ್ರೇಕನ್ನು ಮೊದಲೇ, ಮೆಲ್ಲಗೆ ಹಿಡಿಯಿರಿ.

ಪಸ್ಸಾವ್‌ನಿಂದ ವಿಯೆನ್ನಾಕ್ಕೆ ಸುಮಾರು 320 ಕಿ.ಮೀ. ದೊಡ್ಡವರೇ ಹೋದರೆ ಒಂದು ವಾರ ಸಾಕು. ನೀವು ದಿನಕ್ಕೆ 25ರಿಂದ 35 ಕಿ.ಮೀ. ಲೆಕ್ಕ ಹಾಕಿ, ನಡುವೆ ಎರಡು ದಿನ ಸುಮ್ಮನೆ ಉಳಿಯಲು ಇಟ್ಟುಕೊಳ್ಳಿ. ಬೆಳಗಿನ ನಿದ್ದೆಗೊಂದು ಓಟ, ಮಧ್ಯಾಹ್ನದ ನಿದ್ದೆಗೊಂದು ಓಟ, ಪ್ರತಿಯೊಂದೂ ಗಂಟೆಯಿಂದ ಒಂದೂವರೆ ಗಂಟೆ. ಮಧ್ಯೆ ಬೆಲ್ಟ್ ಬಿಚ್ಚಿ ಹುಲ್ಲಿನ ಮೇಲೆ ಕಂಬಳಿ ಹಾಸಿ ತೆವಳಲು ಬಿಡಿ. ನೀವು ಬೆವರುತ್ತಿದ್ದರೂ ಕದಲದೆ ಕುಳಿತ ಮಗುವಿಗೆ ಚಳಿಯಾಗುತ್ತಿರಬಹುದು. ಬಿಸಿಲಲ್ಲಿ ಪ್ಲಾಸ್ಟಿಕ್ ಮಳೆಹೊದಿಕೆ ಎಳೆದಿದ್ದರೆ ಒಳಗೆ ಬೇಯುತ್ತದೆ. ಅಂಗೈ ಮುಟ್ಟಿದರೆ ಗೊತ್ತಾಗದು, ಕತ್ತಿನ ಹಿಂಭಾಗ ಮುಟ್ಟಿ ನೋಡಿ.

ಮಗನಿಗೆ ಈಗ ಎಂಟು ತಿಂಗಳು. ಈ ಬೇಸಿಗೆ ಸೈಕಲ್ ಬಿಟ್ಟು ಕ್ಯಾಂಪಿಂಗ್ ಮಾತ್ರ. ರಾಗಿ ಸರಿ, ಹಾಲಿನ ಪುಡಿ ಎರಡೂ ಕೊಡುತ್ತೇವೆ. ಕ್ಯಾಂಪಿನ ಒಲೆಯಲ್ಲಿ ರಾಗಿ ಸರಿ ತಳ ಹಿಡಿಯುತ್ತದೆ, ಗಂಟಾಗುತ್ತದೆ. ಡೈಪರ್ ಎಷ್ಟು ಬೇಕು? (ಒಬ್ಬ ತಾಯಿ, ಐಂಡ್‌ಹೋವನ್)

ಕ್ಯಾಂಪಿನ ಗ್ಯಾಸ್ ಒಲೆಯ ಉರಿ ಪಾತ್ರೆಯ ನಡುವಿಗೆ ಮಾತ್ರ ತಾಗುತ್ತದೆ, ತೆಳು ಪಾತ್ರೆ ಅಲ್ಲೇ ಸೀಯುತ್ತದೆ. ಎರಡು ದೊಡ್ಡ ಚಮಚ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಒಟ್ಟು 200 ಮಿ.ಲೀ. ನೀರಿಗೆ ಸೇರಿಸಿ, ಆಮೇಲೆ ಒಲೆ ಹೊತ್ತಿಸಿ. ಕುದಿವ ನೀರಿಗೆ ಹಿಟ್ಟು ಹಾಕಿದರೆ ಗಂಟು ತಪ್ಪದು. ಉರಿ ಆರದಷ್ಟು ಸಣ್ಣದು ಮಾಡಿ, ತಳ ಕೆರೆಯುತ್ತಾ ಐದಾರು ನಿಮಿಷ ತಿರುವಿ. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಿ ಹೊಳಪು ಬಂದರೆ ಬೆಂದಿದೆ. ಒಂದು ವರ್ಷದವರೆಗೆ ಉಪ್ಪು, ಬೆಲ್ಲ ಬೇಡ. ಜೇನುತುಪ್ಪ ನಾಲಿಗೆಗೆ ಸವರಲೂ ಬೇಡ, ಅದರಲ್ಲಿರಬಹುದಾದ ಬೀಜಾಣುಗಳಿಂದ ಕೂಸಿಗೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಹಾಲಿನ ಪುಡಿ ಸೋಂಕುರಹಿತವಲ್ಲ. ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಪುಡಿ ಕಲಸಿ, ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆರಿಸಬೇಕು. ಕಲಸಿದ್ದನ್ನು ಎರಡು ಗಂಟೆಯೊಳಗೆ ಕುಡಿಸಿ, ಕುಡಿದು ಉಳಿದದ್ದನ್ನು ಚೆಲ್ಲಿ. ಬೆಳಿಗ್ಗೆ ಕುದಿಸಿ ಫ್ಲಾಸ್ಕ್‌ಗೆ ತುಂಬುವವರು ಮನೆಯಲ್ಲೇ ಒಮ್ಮೆ ಥರ್ಮಾಮೀಟರ್ ಹಾಕಿ, ಎಷ್ಟು ಹೊತ್ತು 70 ಡಿಗ್ರಿ ನಿಲ್ಲುತ್ತದೆಂದು ತಿಳಿದುಕೊಳ್ಳಿ. ಸ್ಪಿರಿಟ್ ಒಲೆ ಬೇಡ. ಹಗಲಲ್ಲಿ ಅದರ ಉರಿ ಕಾಣುವುದಿಲ್ಲ, ತೆವಳುವ ಮಗು ಕೈ ಹಾಕಿಬಿಡುತ್ತದೆ.

ಡೈಪರ್ ದಿನಕ್ಕೆ ಏಳು ಎಂದಿಟ್ಟುಕೊಂಡು ಎರಡು ದಿನದ್ದು ಸಾಕು, ದಾರಿಯಲ್ಲಿ ಸಿಗುತ್ತದೆ. ಜರ್ಮನಿ, ಆಸ್ಟ್ರಿಯಾ ಕಡೆ ಹೋದರೆ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಕೊಳ್ಳಿ.

ಟೆಂಟಿನಲ್ಲಿ ಮಗುವನ್ನು ನಮ್ಮಿಬ್ಬರ ನಡುವೆ, ಗಾಳಿ ಹಾಸಿಗೆಯ ಮೇಲೆ ಮಲಗಿಸಬಹುದೇ? (ದಂಪತಿ, ಸ್ಟುಟ್‌ಗಾರ್ಟ್)

ಬೇಡ. ಗಾಳಿ ಹಾಸಿಗೆ ಮಗುವಿಗೆ ತೀರಾ ಮೆತ್ತಗೆ, ಮುಖ ಹೂತರೆ ಉಸಿರು ಕಟ್ಟುತ್ತದೆ. ಎರಡು ಹಾಸಿಗೆಗಳ ನಡುವಿನ ಸಂದಿಗೆ ಜಾರುವುದೂ ಇದೆ. ಗಟ್ಟಿ ಫೋಮ್ ಚಾಪೆಯನ್ನು ಅಮ್ಮನ ಪಕ್ಕದಲ್ಲಿ, ಟೆಂಟಿನ ಗೋಡೆಯಿಂದ ಗೇಣಗಲ ಬಿಟ್ಟು ಹಾಸಿ. ರಾತ್ರಿ ಗೋಡೆಯ ಒಳಗೆ ನೀರು ಬೆವರುತ್ತದೆ, ತಾಗಿದರೆ ಬಟ್ಟೆ ಒದ್ದೆ. ಮಡಚುವ ಫೋಮ್ ಚಾಪೆಯ ಆರ್ ಮೌಲ್ಯ (ತಂಪು ತಡೆಯುವ ಶಕ್ತಿಯ ಅಳತೆ) ಸುಮಾರು 2, ಎರಡನ್ನು ಒಂದರ ಮೇಲೊಂದು ಹಾಕಿದರೆ 4 ಆಗಿ ನೆಲದ ತಂಪು ತಡೆಯುತ್ತದೆ. ದಿಂಬು, ಸಡಿಲ ಹೊದಿಕೆ, ದೊಡ್ಡವರ ಸ್ಲೀಪಿಂಗ್ ಬ್ಯಾಗ್ ಯಾವುದೂ ಮಗುವಿಗೆ ಬೇಡ. ಮಕ್ಕಳ ಅಳತೆಯ, ತೋಳಿಲ್ಲದ ಮಲಗುವ ಚೀಲ, ಒಳಗೆ ಉಣ್ಣೆಯ ಬಟ್ಟೆ. ರಾತ್ರಿ 12 ಡಿಗ್ರಿಗಿಂತ ಇಳಿಯುತ್ತದೆ ಎಂದು ಹವಾಮಾನ ವರದಿ ಹೇಳಿದರೆ ಅಂದು ರೂಮು ಹಿಡಿಯಿರಿ. ಎಷ್ಟೇ ಚಳಿಯಿದ್ದರೂ, ಮಳೆಯಿದ್ದರೂ ಟೆಂಟಿನೊಳಗೆ ಒಲೆ ಹಚ್ಚಬೇಡಿ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಡಿಸೆಂಬರ್ ರಜೆಗೆ ಯುರೋಪಿನಿಂದ ಊರಿಗೆ ಬರುವ ತಮ್ಮ, ಟ್ರೇಲರ್ ತಂದು ಒಂದೂವರೆ ವರ್ಷದ ಮಗುವಿನೊಂದಿಗೆ ಮಲೆನಾಡಿನಲ್ಲಿ ಸೈಕಲ್ ಪ್ರವಾಸ, ಕಾಡಿನಂಚಿನಲ್ಲಿ ಟೆಂಟ್ ಎನ್ನುತ್ತಿದ್ದಾನೆ. (ಒಬ್ಬ ಓದುಗರು, ಸಾಗರ)

ಟ್ರೇಲರ್ ಅಲ್ಲೇ ಇರಲಿ. ನಮ್ಮ ಘಟ್ಟದ ರಸ್ತೆಗಳಲ್ಲಿ ಕುರುಡು ತಿರುವು ಹೆಚ್ಚು. ಹಿಂದಿನಿಂದ ಬರುವ ಬಸ್ ಚಾಲಕನ ಕಣ್ಣಿಗೆ ಸೈಕಲ್ ಬಿದ್ದರೂ, ಅದರ ಹಿಂದೆ ಅಷ್ಟು ತಗ್ಗಿನಲ್ಲಿ ಇನ್ನೊಂದು ಗಾಡಿಯಿದೆ ಎಂಬ ಕಲ್ಪನೆ ಇರುವುದಿಲ್ಲ.

ಟೆಂಟಿನ ವಿಷಯದಲ್ಲಿ ಮುಖ್ಯ ಭಯ ಉಣುಗು. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಉಣುಗಿನಿಂದ, ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಆಸ್ಟ್ರಿಯಾ, ಬವೇರಿಯಾಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ ಕೂಡ ಇದೇ ಗುಂಪಿನದು. ಅಲ್ಲಿ ಅದಕ್ಕೆ ವರ್ಷ ತುಂಬಿದ ಮಕ್ಕಳಿಗೆ ಲಸಿಕೆ ಇದೆ, ಆದರೆ ಆ ಲಸಿಕೆ ಮಂಗನ ಕಾಯಿಲೆಗೆ ರಕ್ಷಣೆ ಎಂದು ತಮ್ಮ ನಂಬಿಕೊಂಡು ಬರುವುದು ಬೇಡ. ತರಗೆಲೆ ಹಾಸಿದ ಕಾಡಿನಂಚಿನಲ್ಲಿ ಮಗುವನ್ನು ನೆಲಕ್ಕೆ ಬಿಡಲೇಬೇಡಿ. ಟೆಂಟ್ ಆಸೆ ತೀರಬೇಕಿದ್ದರೆ ಮನೆಯಂಗಳದಲ್ಲೇ ಹಾಕಿ.

ಎಲ್ಲೇ ಹೋಗಿ ಬಂದರೂ ಸಂಜೆ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ ಬೆಳಕಿನಲ್ಲಿ ನೋಡಿ: ಕಿವಿಯ ಹಿಂದೆ, ಕೂದಲಂಚು, ಕಂಕುಳು, ತೊಡೆಸಂದು, ಡೈಪರ್ ಪಟ್ಟಿಯ ಕೆಳಗೆ. ಉಣುಗು ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಚೂಪು ಚಿಮಟದಿಂದ ಚರ್ಮದ ಮಟ್ಟದಲ್ಲೇ ಹಿಡಿದು ನೇರವಾಗಿ, ನಿಧಾನ ಎಳೆಯಿರಿ, ಜಾಗವನ್ನು ಸೋಪು ಹಾಕಿ ತೊಳೆಯಿರಿ, ತಾರೀಖು ಬರೆದಿಡಿ. ಆಮೇಲಿನ ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಆ ತಾರೀಖನ್ನೇ.