ಹಳೇ ಮಳಿಗೆಯಲ್ಲಿ ಸಂಗೀತ: ಬರೀ ಫೋಮ್ ಸಾಕಾಗಲ್ಲ
ಹಳೇ ಅಂಗಡಿ ಮಳಿಗೆಯನ್ನು ಊರವರೆಲ್ಲ ಸೇರಿ ಹಾಡುವ, ನುಡಿಸುವ ಜಾಗ ಮಾಡುತ್ತಿದ್ದೀರಿ. ತುಂಬಾ ಖುಷಿಯಾಯಿತು. ಗೋಡೆಗೆಲ್ಲ ಫೋಮ್ ಅಂಟಿಸಿದರೆ ಪಕ್ಕದವರಿಗೆ ಸದ್ದು ಕೇಳಿಸಲ್ಲ ಅಲ್ವಾ ಅಂತ ಕೇಳಿದ್ದೀರಿ. ಕೇಳಿಸುತ್ತದೆ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆ ಅಷ್ಟೇ. ಅದೂ ತೆಳುವಾಗಿದ್ದರೆ ಕೀರಲು ಸದ್ದನ್ನು ಮಾತ್ರ. 100 ಹರ್ಟ್ಸ್‌ನಂಥ ತಗ್ಗು ಸ್ವರದ ಸದ್ದಿನ ಅಲೆಯ ಉದ್ದ ಸುಮಾರು 3.4 ಮೀಟರ್. ಒಂದಿಂಚು ಫೋಮ್‌ಗೆ ಅದು ಜಗ್ಗುವುದಿಲ್ಲ.

ಸದ್ದು ಹೊರಗೆ ಹೋಗದಿರಲು ಬೇಕಾದದ್ದು ಭಾರ, ಜೊತೆಗೆ ಸಂದಿಯಿಲ್ಲದ ಗೋಡೆ. ಮಳಿಗೆಗಳಲ್ಲಿ ದೊಡ್ಡ ತಲೆನೋವು ರೋಲಿಂಗ್ ಶಟರ್. ತೆಳು ತಗಡು, ಸುತ್ತಲೂ ಸಂದಿ. ಅದರ ಹಿಂದೆ ಸ್ವಲ್ಪ ಜಾಗ ಬಿಟ್ಟು ಇಟ್ಟಿಗೆ ಗೋಡೆ ಕಟ್ಟಿಸಿ, ದಪ್ಪ ಬಾಗಿಲಿಟ್ಟು ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿ. ಇರುವ ದುಡ್ಡನ್ನು ಮೊದಲು ಇಲ್ಲಿಗೇ ಹಾಕಿ. ಡ್ರಮ್ಸ್ ಅದುರುವಿಕೆ ನೆಲ, ಕಂಬಗಳ ಮೂಲಕವೂ ಸಾಗುತ್ತದೆ. ಅದಕ್ಕೆ ರಬ್ಬರ್ ಮೇಲೆ ಕೂರಿಸಿದ ಮರದ ವೇದಿಕೆ ಬೇಕು.

ಸಂದಿ ಮುಚ್ಚಿದ ಮೇಲೆ ಗಾಳಿಗೆ ದಾರಿ ಮಾಡಲೇಬೇಕು. ಆ ದಾರಿಯಲ್ಲಿ ಸದ್ದು ಹೊರಗೆ ಹೋಗದಿರಲು, ಒಳಗೆ ಗ್ಲಾಸ್‌ವುಲ್ (ಗಾಜಿನ ಎಳೆಗಳ ಮೆತ್ತನೆ ಪದರ) ಹೊದಿಸಿದ, ತಿರುವುಗಳಿರುವ ಡಕ್ಟ್ (ಗಾಳಿ ಕೊಳವೆ) ಒಳ್ಳೆಯದು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು ಬೇಡವೇ ಬೇಡ. ಸದ್ದು ನಿಲ್ಲಲ್ಲ, ಬೆಂಕಿ ಬೇಗ ಹಿಡಿಯುತ್ತದೆ.

ಶಟರ್ ಬಿಟ್ಟರೆ ಹೊರಗೆ ಹೋಗಲು ಇನ್ನೊಂದು ಬಾಗಿಲಿದೆಯಾ? ಗೋಡೆ ಕಟ್ಟಿಸುವ ಮೊದಲು ಅದನ್ನು ನೋಡಿಕೊಳ್ಳಿ.