4 ಅಡಿ ಅಗಲ, 6 ಅಡಿ ಉದ್ದದ ಮಡಿಯಲ್ಲಿ ಬ್ರೊಕೊಲಿ ಸಸಿ ಎಷ್ಟು ದೂರ ನೆಡಬೇಕು?

ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ 2 ಅಡಿ ಬಿಡಿ. ಅಂದರೆ ನಿಮ್ಮ ಮಡಿಗೆ ಎರಡು ಸಾಲು, ಒಟ್ಟು 8 ಗಿಡ. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಸಸಿ ಗೇಣುದ್ದ ಇರುವಾಗ ಮಡಿ ಬರೀ ಖಾಲಿ ಕಾಣುತ್ತದೆ. ಆಮೇಲೆ ನೋಡಿ, ಎಲೆಗಳು ಒಂದಕ್ಕೊಂದು ತಾಗಿ ನೆಲವೇ ಕಾಣುವುದಿಲ್ಲ.

ಬ್ರೊಕೊಲಿಯಲ್ಲಿ ನಾವು ತಿನ್ನುವುದು ಮೊಗ್ಗಿನ ಗೊಂಚಲು, ಅದನ್ನೇ ಗಡ್ಡೆ ಅನ್ನುವುದು. ಅದು ಎಷ್ಟು ದಪ್ಪ ಆಗುತ್ತದೆ ಅನ್ನುವುದು, ಅದಕ್ಕೂ ಮೊದಲು ಗಿಡ ಎಷ್ಟು ಎಲೆ ಬಿಟ್ಟಿತ್ತು ಅನ್ನುವುದರ ಮೇಲೆ ನಿಂತಿದೆ. ಒತ್ತೊತ್ತಾಗಿ ನೆಟ್ಟರೆ ಎಲೆಗೆ ಪಕ್ಕದ ಎಲೆಯ ನೆರಳು, ಬೇರಿಗೆ ಪಕ್ಕದ ಬೇರಿನ ಪೈಪೋಟಿ. ಗಡ್ಡೆ ಸಣ್ಣದಾಗುತ್ತದೆ. ನಡುವಿನ ಗಡ್ಡೆ ಕೊಯ್ದ ಮೇಲೆ ಎಲೆಯ ಸಂದಿಯಲ್ಲಿ ಚಿಗುರುವ ಮರಿಗಡ್ಡೆಗಳೂ ಕಡಿಮೆ. ಮನೆಗೆ ಬೆಳೆಯುವವರಿಗೆ ಜಾಸ್ತಿ ಲಾಭ ಈ ಮರಿಗಡ್ಡೆಗಳಲ್ಲೇ ಇದೆ ಎನ್ನುತ್ತೇನೆ ನಾನು.

ಸಣ್ಣ ಗಡ್ಡೆ ಸಾಕು ಅನ್ನುವವರು ಒಂದು ಅಡಿಗೂ ನೆಡಬಹುದು. ಜಾಗ ಸುಮ್ನೆ ಬಿಡಲು ಮನಸ್ಸಿಲ್ಲದಿದ್ದರೆ ನಡುವೆ ಮೆಂತ್ಯ ಚೆಲ್ಲಿ, ತಿಂಗಳೊಳಗೆ ಕಿತ್ತು ಪಲ್ಯ ಮಾಡಿ.

ಬೆಳಗಾವಿಯಲ್ಲಿ ಅಕ್ಟೋಬರಿಗೆ ಸಸಿ ನೆಟ್ಟರೆ ಗಡ್ಡೆ ಕಟ್ಟುವ ಹೊತ್ತಿಗೆ ಚಳಿ ಸಿಗುತ್ತದೆ. ತಡವಾಗಿ ಬೇಸಿಗೆಯ ಬಿಸಿಲಿಗೆ ಸಿಕ್ಕಿದರೆ, ಎಷ್ಟು ದೂರ ನೆಟ್ಟರೂ ಮೊಗ್ಗು ಬೇಗ ಬಿರಿದು ಹಳದಿ ಹೂವಾಗಿಬಿಡುತ್ತದೆ.