ಸ್ಕಾಟ್ಲೆಂಡ್‌ನಲ್ಲಿ ಹೊಸ ವರ್ಷದ ರಾತ್ರಿ ಕಲ್ಲಿದ್ದಲು ಹಿಡಿದುಕೊಂಡು ಪಕ್ಕದ ಮನೆಗೆ ಹೋಗುತ್ತಾರಂತೆ, ಯಾಕೆ?

ಹೌದು, ಅದು ಅಲ್ಲಿನ ಹಳೇ ಪದ್ಧತಿ. ಡಿಸೆಂಬರ್ 31ರ ಹಬ್ಬಕ್ಕೆ ಅವರು ಹಾಗ್ಮನೇ ಎನ್ನುತ್ತಾರೆ. ರಾತ್ರಿ ಹನ್ನೆರಡು ಹೊಡೆದ ಮೇಲೆ ಮೊದಲು ಹೊಸ್ತಿಲು ದಾಟಿ ಬಂದವರೇ 'ಫಸ್ಟ್ ಫುಟ್'. ಅವರ ಕಾಲ್ಗುಣ ಇಡೀ ವರ್ಷಕ್ಕೆ ಎಂಬುದು ನಂಬಿಕೆ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬರಿಗೈಯಲ್ಲಿ ಮಾತ್ರ ಬರುವಂತಿಲ್ಲ. ಕಲ್ಲಿದ್ದಲು ತಂದರೆ ಆ ಚಳಿಯಲ್ಲಿ ಮನೆಯ ಬೆಂಕಿ ಆರದಿರಲಿ ಎಂದರ್ಥ. ಜೊತೆಗೆ ಉಪ್ಪು, ಶಾರ್ಟ್‌ಬ್ರೆಡ್ ಎಂಬ ಬೆಣ್ಣೆ ಬಿಸ್ಕತ್ತು, ಒಣದ್ರಾಕ್ಷಿ ತುಂಬಿದ ಬ್ಲ್ಯಾಕ್ ಬನ್, ವಿಸ್ಕಿ. 'ಲ್ಯಾಂಗ್ ಮೇ ಯರ್ ಲಮ್ ರೀಕ್' ಎಂದು ಹರಸುವುದೂ ಉಂಟು. ಅಂದರೆ, ನಿಮ್ಮ ಮನೆಯ ಚಿಮಣಿಯಲ್ಲಿ ಬಹುಕಾಲ ಹೊಗೆ ಏಳುತ್ತಿರಲಿ. ಒಲೆ ಉರಿಯುವ ಮನೆಯೇ ಸುಖದ ಮನೆ ಎನ್ನುವ ಈ ಹಾರೈಕೆ ನನಗೆ ತುಂಬಾ ಇಷ್ಟ.

ಕಪ್ಪು ಕೂದಲಿನ ಎತ್ತರದ ಗಂಡಸು ಬಂದರೆ ಶುಭ. ಹೊಂಬಣ್ಣದ ಕೂದಲಿನವರು ಬಂದರೆ ಅಷ್ಟು ಒಳ್ಳೆಯದಲ್ಲ. ಹಿಂದೆ ಉತ್ತರ ಯುರೋಪಿನಿಂದ ಹಡಗಿನಲ್ಲಿ ಬಂದ ಹೊಂಬಣ್ಣದ ಕೂದಲಿನ ವೈಕಿಂಗರು ದಾಳಿ ಮಾಡಿದ ನೆನಪು ಇದು ಅಂತ ಅಲ್ಲಿನ ಜನ ಹೇಳುತ್ತಾರೆ.

ಹೊಸ ವರ್ಷಕ್ಕೆ ಇಷ್ಟು ಸಡಗರ ಏಕೆಂದರೆ, ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚು ಕ್ರಿಸ್‌ಮಸ್ ಆಚರಣೆಯನ್ನು ಒಪ್ಪುತ್ತಿರಲಿಲ್ಲ. ಸ್ಕಾಟ್ಲೆಂಡ್‌ನಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾಗಿದ್ದೇ 1958ರಲ್ಲಿ. ಹಾಗಾಗಿ ಚಳಿಗಾಲದ ಸಂಭ್ರಮವೆಲ್ಲ ಹಾಗ್ಮನೇಗೆ ಬಂತು. ಇಂಗ್ಲೆಂಡ್‌ನಲ್ಲಿ ಇಲ್ಲದ ಜನವರಿ 2ರ ರಜೆಯೂ ಅವರಿಗಿದೆ. ನೆರೆಮನೆಗಳಲ್ಲಿ ಕೂತು ಸುಮ್ನೆ ಹರಟಿ, ತಿಂದು, ಮುಂದಿನ ಮನೆಗೆ ಹೋಗಲು ಸಮಯ ಬೇಕಲ್ಲ!